ಬಣ್ಣ ನಂಬಬೇಡಿ, ಬರೀ ತೂಕವನ್ನೂ ನಂಬಬೇಡಿ: ವಿದೇಶಿ ನಾಣ್ಯದ ಲೋಹ ಮತ್ತು ಅಚ್ಚಿನ ದಿಕ್ಕು

ವಿದೇಶಿ ನಾಣ್ಯವೊಂದನ್ನು ಪಟ್ಟಿಗೆ ಸೇರಿಸುವಾಗ ದೇಶ, ಮುಖಬೆಲೆ, ಇಸವಿ ಈ ಮೂರನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ಖಾಲಿ ಉಳಿಯುವುದು ಎರಡು ಕಾಲಂ: ಲೋಹ ಮತ್ತು ಅಚ್ಚಿನ ದಿಕ್ಕು, ಅಂದರೆ ಎರಡು ಬದಿಯ ಚಿತ್ರಗಳ ತಲೆ ಒಂದಕ್ಕೊಂದು ಹೇಗೆ ನಿಂತಿವೆ ಎಂಬುದು. ಲೋಹದ ಜಾಗದಲ್ಲಿ ಬಹಳ ಜನ "ಬೆಳ್ಳಿ ಥರ" ಎಂದೋ "ಹಿತ್ತಾಳೆ ಇರಬೇಕು" ಎಂದೋ ಗೀಚಿಬಿಡುತ್ತಾರೆ. ದಿಕ್ಕಿನ ಕಾಲಂ ಯಾಕಿದೆ ಅಂತಲೇ ಅನೇಕರಿಗೆ ಗೊತ್ತಿರುವುದಿಲ್ಲ. ಒಂದೇ ವಿನ್ಯಾಸ, ಒಂದೇ ಅಳತೆಯ ಎರಡು ನಾಣ್ಯಗಳನ್ನು ಬೇರೆ ಮಾಡುವುದೂ, ಅಸಲಿ ನಕಲಿ ಹೇಳುವುದೂ ಬಹಳ ಸಲ ಈ ಎರಡು ಕಾಲಂಗಳೇ. ಇದಕ್ಕೆ ಬೇಕಾದ ಸಾಮಾನು ಕಡಿಮೆ: 0.01 ಗ್ರಾಂವರೆಗೆ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ, ವ್ಯಾಸ ಅಳೆಯುವ ಡಿಜಿಟಲ್ ಕ್ಯಾಲಿಪರ್, ಒಂದು ಸಣ್ಣ ನಿಯೋಡಿಮಿಯಂ ಮ್ಯಾಗ್ನೆಟ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್, ಒಂದು ಲೋಟ ನೀರು, ಹೊಲಿಗೆ ದಾರ.

ಮೊದಲು ಇಸವಿ ಓದಿ. ಲೋಹ ಬದಲಾದದ್ದು ಯಾವಾಗ ಎಂಬುದು ಹೆಚ್ಚಿನ ದೇಶಗಳಲ್ಲಿ ಇಸವಿಯಿಂದಲೇ ತಿಳಿಯುತ್ತದೆ. ಅಮೆರಿಕದ ಕ್ವಾರ್ಟರ್ 1964ರವರೆಗೆ ಶೇ 90 ಬೆಳ್ಳಿ, 6.25 ಗ್ರಾಂ. 1965ರಿಂದ ಚಲಾವಣೆಗೆ ಬಂದದ್ದು ತಾಮ್ರದ ಹಲಗೆಗೆ ಎರಡೂ ಕಡೆ ಕ್ಯುಪ್ರೋನಿಕಲ್ (ತಾಮ್ರ, ನಿಕಲ್ ಬೆರೆತ ಬಿಳಿ ಲೋಹ) ಹೊದಿಸಿದ್ದು, 5.67 ಗ್ರಾಂ. ಅಂಚನ್ನು ಲೆನ್ಸ್‌ನಲ್ಲಿ ನೋಡಿದರೆ ಕೆಂಪು ಗೆರೆ ಕಾಣುತ್ತದೆ. ಬ್ರಿಟನ್ನಿನ 1 ಮತ್ತು 2 ಪೆನ್ಸ್ 1992ರಲ್ಲಿ ಕಂಚಿನಿಂದ ತಾಮ್ರ ಲೇಪಿಸಿದ ಉಕ್ಕಿಗೆ ಬದಲಾದವು. ಇಸವಿ ಬೇರೆ ಪಂಚಾಂಗದಲ್ಲಿದ್ದರೂ ಲೆಕ್ಕ ಸುಲಭ. ಥಾಯ್ ಇಸವಿಯಿಂದ 543 ಕಳೆಯಿರಿ. ಜಪಾನಿನ ಶೋವಾ ವರ್ಷಕ್ಕೆ 1925 ಕೂಡಿಸಿ. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಒಂದು ವರ್ಷದ ಆಚೀಚೆ ಉತ್ತರ ಬರುತ್ತದೆ.

ಇಸವಿ ಕೈಕೊಡುವುದು ಲೋಹ ಬದಲಾದ ವರ್ಷದಲ್ಲೇ. 1982ರ ಅಮೆರಿಕದ ಸೆಂಟ್ ನೋಡಿ. ಆ ವರ್ಷ ಶೇ 95 ತಾಮ್ರದ್ದೂ ಬಂತು, ಸತುವಿಗೆ ತಾಮ್ರ ಲೇಪಿಸಿದ್ದೂ ಬಂತು. ಕಣ್ಣಿಗೆ ಎರಡೂ ಒಂದೇ. ತಕ್ಕಡಿಯಲ್ಲಿ ಮೊದಲನೆಯದು 3.11 ಗ್ರಾಂ, ಎರಡನೆಯದು 2.5 ಗ್ರಾಂ. ಇಲ್ಲಿ ತೂಕ ಸಾಕು, ಬೇರೆ ಪರೀಕ್ಷೆ ಬೇಡ.

ಎರಡನೆಯ ಹೆಜ್ಜೆ ಮ್ಯಾಗ್ನೆಟ್. ಇದರಲ್ಲಿ ಎಲ್ಲರೂ ಮಾಡುವ ತಪ್ಪು, ಅಂಟಿದರೆ ಕಬ್ಬಿಣ ಎಂದು ಬರೆದುಬಿಡುವುದು. ಶುದ್ಧ ನಿಕಲ್ ಕೂಡ ಗಟ್ಟಿಯಾಗಿ ಅಂಟುತ್ತದೆ. ನಮ್ಮದೇ 1947ರ ಹುಲಿ ಚಿತ್ರದ ಒಂದು ರೂಪಾಯಿ ನಿಕಲ್, ಅಂಟುತ್ತದೆ. ಫ್ರಾನ್ಸಿನ 1960ರಿಂದ 2001ರವರೆಗಿನ 1 ಫ್ರಾಂಕ್, ನೆದರ್‌ಲೆಂಡ್ಸ್‌ನ 1967ರ ನಂತರದ ಗಿಲ್ಡರ್, ಜಪಾನಿನ 1950ರ ದಶಕದ ದೊಡ್ಡ 50 ಯೆನ್, ಎಲ್ಲವೂ ಹಾಗೇ. ಆದರೆ ಅದೇ ನಿಕಲ್ ಶೇ 25, ತಾಮ್ರ ಶೇ 75 ಸೇರಿ ಕ್ಯುಪ್ರೋನಿಕಲ್ ಆದಾಗ ಮ್ಯಾಗ್ನೆಟ್‌ಗೆ ಜಗ್ಗುವುದೇ ಇಲ್ಲ. ಅಮೆರಿಕದಲ್ಲಿ "ನಿಕಲ್" ಎಂದು ಕರೆಯುವ 5 ಸೆಂಟ್ ನಾಣ್ಯ ಮ್ಯಾಗ್ನೆಟ್‌ಗೆ ಅಂಟದಿರುವುದು ಇದೇ ಕಾರಣಕ್ಕೆ. ಹೆಸರಲ್ಲಿ ನಿಕಲ್ ಇದ್ದರೂ ಒಳಗೆ ಮುಕ್ಕಾಲು ಭಾಗ ತಾಮ್ರ.

ಅಂಟಿದ ನಾಣ್ಯ ನಿಕಲ್ಲೋ ಲೇಪನದ ಉಕ್ಕೋ ಎಂದು ತಿಳಿಯಲು ಅಂಚು ನೋಡಿ. ಉಕ್ಕಾದರೆ ಸವೆದ ಅಂಚಿನಲ್ಲಿ, ಅಕ್ಷರಗಳ ಬುಡದಲ್ಲಿ ಎಲ್ಲಾದರೂ ಕಂದು ತುಕ್ಕಿನ ಚುಕ್ಕೆ ಸಿಗುವ ಸಾಧ್ಯತೆ ಹೆಚ್ಚು. ನಿಕಲ್ ತುಕ್ಕು ಹಿಡಿಯುವುದಿಲ್ಲ, ಬೂದಿ ಬಣ್ಣಕ್ಕೆ ತಿರುಗುತ್ತದೆ. ಕರಾವಳಿಯ ಮನೆಗಳಲ್ಲಿ ಡಬ್ಬಿಗಟ್ಟಲೆ ಸಿಗುವ ಎಮಿರೇಟ್ಸ್‌ನ 1 ದಿರ್ಹಂ, ಆ ಕಾಫಿ ಹೂಜಿಯ ನಾಣ್ಯ, ಇದಕ್ಕೆ ಒಳ್ಳೆಯ ಅಭ್ಯಾಸ. ಹಳೆಯವು ಕ್ಯುಪ್ರೋನಿಕಲ್, ಅಂಟುವುದಿಲ್ಲ. 2012ರ ಸುಮಾರಿನಿಂದ ಬಂದವು ನಿಕಲ್ ಲೇಪಿಸಿದ ಉಕ್ಕು, ಟಪ್ಪೆಂದು ಹಿಡಿಯುತ್ತವೆ. ಉಪ್ಪುಗಾಳಿಯಲ್ಲಿ ಮೊದಲು ಹಾಳಾಗುವುದೂ ಈ ಹೊಸವೇ, ಅವನ್ನು ಬೇರೆ ಇಡಿ.

ಸ್ಟೀಲಿನ ವಿಷಯದಲ್ಲಿ ಇಟಲಿ ಒಂದು ವಿಚಿತ್ರ ಪಾಠ. ಅಲ್ಲಿನ "ಅಕ್ಮೋನಿಟಾಲ್" ಎಂಬ ಸ್ಟೇನ್‌ಲೆಸ್ ಸ್ಟೀಲಿನ 50, 100 ಲಿರಾ ನಾಣ್ಯಗಳು ಅಂಟುತ್ತವೆ. ಆದರೆ 1939 ಮತ್ತು 1940ರ ಸಣ್ಣ ಮುಖಬೆಲೆಯ ಅಕ್ಮೋನಿಟಾಲ್ ನಾಣ್ಯಗಳಲ್ಲಿ ಅಂಟುವ ಜಾತಿಯೂ ಇದೆ, ಅಂಟದ ಜಾತಿಯೂ ಇದೆ. ಕ್ಯಾಟಲಾಗ್‌ಗಳು ಇವನ್ನು ಬೇರೆ ಬೇರೆ ಪ್ರಭೇದವಾಗಿಯೇ ಪಟ್ಟಿ ಮಾಡುತ್ತವೆ. ಇಂಥ ಕಡೆ ಮ್ಯಾಗ್ನೆಟ್ ಒಂದೇ ಸಾಕ್ಷಿ, ಬೇರೆ ಯಾವ ಗುರುತೂ ಇಲ್ಲ.

ನಡುವೆ ನಿಲ್ಲುವ ಇನ್ನೊಂದು ಗುಂಪಿದೆ: ಸ್ವಲ್ಪ ಮಾತ್ರ ಎಳೆಯುವ ನಾಣ್ಯಗಳು. ಯೂರೋದ 1 ಮತ್ತು 2ರ ನಡುಭಾಗ ಮೂರು ಪದರದ್ದು, ಮಧ್ಯದಲ್ಲಿ ನಿಕಲ್. ಹಾಗಾಗಿ ಮ್ಯಾಗ್ನೆಟ್ ನಡುಭಾಗದಲ್ಲಿ ಮೆಲ್ಲಗೆ ಹಿಡಿಯುತ್ತದೆ, ಹೊರ ಬಳೆಯಲ್ಲಿ ಹಿಡಿಯುವುದಿಲ್ಲ. ಥಾಯ್ಲೆಂಡಿನ ಹಳೆಯ 10 ಬಾತ್ ಹೆಚ್ಚೂ ಕಡಿಮೆ 2 ಯೂರೋದ ಅವಳಿ. ಬಾತ್ 26 ಮಿ.ಮೀ., ಯೂರೋ 25.75 ಮಿ.ಮೀ., ಎರಡೂ 8.5 ಗ್ರಾಂ, ಎರಡಕ್ಕೂ ಬಿಳಿ ಬಳೆ, ಹಳದಿ ನಡು. ಬಾತ್‌ನ ನಡುವಿಗೆ ಮ್ಯಾಗ್ನೆಟ್ ಹಿಡಿದರೆ ಏನೂ ಆಗುವುದಿಲ್ಲ. ಈ ಮೆಲ್ಲನೆಯ ಸೆಳೆತ ತಿಳಿಯಬೇಕಾದರೆ ನಾಣ್ಯವನ್ನು ಮೇಜಿನ ಮೇಲಿಟ್ಟು ಒತ್ತಬೇಡಿ. ಮ್ಯಾಗ್ನೆಟ್ಟನ್ನು ಒಂದು ಗೇಣು ದಾರಕ್ಕೆ ಕಟ್ಟಿ ತೂಗುಬಿಟ್ಟು, ನಾಣ್ಯವನ್ನು ಅದರ ಹತ್ತಿರ ತನ್ನಿ. ಬೆರಳಿಗೆ ತಿಳಿಯದ್ದು ದಾರಕ್ಕೆ ತಿಳಿಯುತ್ತದೆ.

ಈಗ ತೂಕ ಮತ್ತು ಅಳತೆ. ತಕ್ಕಡಿ ಸರಿಯಿದೆಯೇ ನೋಡಲು ಹೊಸದಾದ, ಸವೆಯದ ಜಪಾನಿನ 1 ಯೆನ್ ಬಳಸಿ. ಶುದ್ಧ ಅಲ್ಯುಮಿನಿಯಂ, ಸರಿಯಾಗಿ 1 ಗ್ರಾಂ, ವ್ಯಾಸ 20 ಮಿ.ಮೀ. ತೂಕ, ಕ್ಯಾಲಿಪರ್ ಎರಡಕ್ಕೂ ಒಂದೇ ಮಾಪ. ಜರ್ಮನಿಯ 5 ಮಾರ್ಕಿನಂಥ ನಾಣ್ಯಕ್ಕೆ ತೂಕ ಚೆನ್ನಾಗಿ ಕೆಲಸ ಮಾಡುತ್ತದೆ: 1951ರಿಂದ 1974ರವರೆಗಿನ ಶೇ 62.5 ಬೆಳ್ಳಿಯದು 11.2 ಗ್ರಾಂ, 1975ರಿಂದ ಬಂದದ್ದು 10 ಗ್ರಾಂ, ವ್ಯಾಸ ಎರಡಕ್ಕೂ 29 ಮಿ.ಮೀ. ಎರಡನೆಯದರ ಒಳಗೆ ನಿಕಲ್ ಇರುವುದರಿಂದ ಮ್ಯಾಗ್ನೆಟ್ ಕೂಡ ಸಾಕ್ಷಿ ಹೇಳುತ್ತದೆ.

ತೂಕ ಮೋಸ ಮಾಡುವ ನಾಣ್ಯಗಳಿಗೇ ನಾನು ಹೆಚ್ಚು ಜಾಗ ಕೊಡುವುದು. ಬ್ರಿಟನ್ನಿನ ಫ್ಲಾರಿನ್, ಅಂದರೆ 2 ಷಿಲಿಂಗ್, ಇದಕ್ಕೆ ಸರಿಯಾದ ಉದಾಹರಣೆ. 1919ರವರೆಗೆ ಶೇ 92.5 ಬೆಳ್ಳಿ, 1920ರಿಂದ 1946ರವರೆಗೆ ಶೇ 50, 1947ರಿಂದ ಬೆಳ್ಳಿಯೇ ಇಲ್ಲದ ಕ್ಯುಪ್ರೋನಿಕಲ್. ಮೂರೂ 11.31 ಗ್ರಾಂ, ಮೂರೂ 28.5 ಮಿ.ಮೀ. ಮೂರಕ್ಕೂ ಮ್ಯಾಗ್ನೆಟ್ ಅಂಟುವುದಿಲ್ಲ. ಇಸವಿ ಸವೆದು ಅಳಿಸಿಹೋಗಿದ್ದರೆ ಏನು ಮಾಡುವುದು? ನೀರಿಗಿಳಿಸುವುದು.

ವಿಧಾನ ಹೀಗೆ. ಮೊದಲು ಒಣ ನಾಣ್ಯವನ್ನು ತೂಗಿ ಬರೆದುಕೊಳ್ಳಿ. ತಕ್ಕಡಿಯ ತಟ್ಟೆಯ ಮೇಲೆ ಸಣ್ಣ ಪ್ಲಾಸ್ಟಿಕ್ ಲೋಟವಿಟ್ಟು ಮುಕ್ಕಾಲು ನೀರು ತುಂಬಿ. ಲೋಟ ನೀರು ಸೇರಿ ತಕ್ಕಡಿಯ ಮಿತಿ ಮೀರದಂತೆ ನೋಡಿಕೊಳ್ಳಿ, 200 ಗ್ರಾಂ ಮಿತಿಯ ತಕ್ಕಡಿಗೆ ಸ್ಟೀಲ್ ಲೋಟ ಇಟ್ಟರೆ ಅದೇ ಅರ್ಧ ತಿನ್ನುತ್ತದೆ. ಟೇರ್ ಒತ್ತಿ ಸೊನ್ನೆ ಮಾಡಿ. ನಾಣ್ಯಕ್ಕೆ ತೆಳು ದಾರದ ಕುಣಿಕೆ ಹಾಕಿ, ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಗೋಡೆಗೂ ತಾಗದಂತೆ ಇಳಿಬಿಡಿ. ಆಗ ತೋರಿಸುವ ಅಂಕಿ ನಾಣ್ಯ ಸರಿಸಿದ ನೀರಿನ ತೂಕ. ಒಣ ತೂಕವನ್ನು ಈ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ.

ಪೂರ್ತಿ ತೂಕದ ಫ್ಲಾರಿನ್‌ಗೆ ಲೆಕ್ಕ ಹಾಕಿದರೆ: ಶೇ 92.5 ಬೆಳ್ಳಿಯದು 1.09 ತೋರಿಸುತ್ತದೆ, ಸಾಂದ್ರತೆ 10.36ರ ಆಸುಪಾಸು. ಅರ್ಧ ಬೆಳ್ಳಿಯದು 1.17ರಿಂದ 1.19, ಸಾಂದ್ರತೆ 9.5ರಿಂದ 9.7. ಕ್ಯುಪ್ರೋನಿಕಲ್‌ನದು 1.26 ಅಥವಾ 1.27, ಸಾಂದ್ರತೆ 8.9. ಒಂದಕ್ಕೂ ಇನ್ನೊಂದಕ್ಕೂ ಏಳೆಂಟು ಪಾಯಿಂಟ್ (0.01 ಗ್ರಾಂ ಅಂದರೆ ಒಂದು ಪಾಯಿಂಟ್) ಅಂತರವಿರುವುದರಿಂದ ಗೊಂದಲಕ್ಕೆ ಜಾಗವಿಲ್ಲ. ಈ ಪರೀಕ್ಷೆಯ ದೊಡ್ಡ ಗುಣ ಇನ್ನೊಂದಿದೆ: ನಾಣ್ಯ ಸವೆದು 11 ಗ್ರಾಂಗೆ ಇಳಿದಿದ್ದರೂ ಸಾಂದ್ರತೆ ಇಳಿಯುವುದಿಲ್ಲ. ಸವೆತ ತೂಕವನ್ನು ತಿನ್ನುತ್ತದೆ, ಲೋಹದ ಜಾತಿಯನ್ನು ತಿನ್ನುವುದಿಲ್ಲ.

ತಪ್ಪುವುದು ಎಲ್ಲಿ? ಅಂಕಿ ಇದ್ದಕ್ಕಿದ್ದಂತೆ ಹಲವು ಪಟ್ಟು ಏರಿದರೆ ನಾಣ್ಯ ತಳ ಮುಟ್ಟಿದೆ ಎಂದರ್ಥ. ಸಾಂದ್ರತೆ ಇರಬೇಕಾದ್ದಕ್ಕಿಂತ ಕಡಿಮೆ ಬಂದರೆ ಮೊದಲು ಗುಳ್ಳೆ ಹುಡುಕಿ. ಅಕ್ಷರಗಳ ಸಂದಿಯಲ್ಲಿ, ಅಂಚಿನ ಗೀರುಗಳಲ್ಲಿ ಗಾಳಿಗುಳ್ಳೆ ಕೂತು ನೀರನ್ನು ಹೆಚ್ಚಾಗಿ ಸರಿಸುತ್ತದೆ. ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿದರೆ ಗುಳ್ಳೆ ಬಿಡುತ್ತದೆ. ದಪ್ಪ ದಾರವೂ ಅಂಕಿಯನ್ನು ಏರಿಸುತ್ತದೆ. ಫ್ಯಾನ್ ಆರಿಸಿ, ಇಲ್ಲದಿದ್ದರೆ ಕೊನೆಯ ಅಂಕಿ ನಿಲ್ಲುವುದೇ ಇಲ್ಲ. ಎರಡು ಲೋಹದ ನಾಣ್ಯಕ್ಕೆ ಬರುವುದು ಸರಾಸರಿ ಮಾತ್ರ, ಅದರಿಂದ ಏನೂ ತೀರ್ಮಾನಿಸಬೇಡಿ. ಬೋರ್‌ವೆಲ್ ನೀರಾದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ. ಹೊಳಪು ಮಾಸದ ಪ್ರೂಫ್ ನಾಣ್ಯವನ್ನು (ಸಂಗ್ರಾಹಕರಿಗೆಂದೇ ಕನ್ನಡಿಯಂತೆ ಹೊಳೆಯುವ ಹಾಗೆ ಮಾಡಿದ್ದು) ನೀರಿಗೆ ಹಾಕಲೇಬೇಡಿ.

ಸಣ್ಣ ನಾಣ್ಯಕ್ಕೆ ಈ ವಿಧಾನ ಬಿಗಿಯಾಗುತ್ತದೆ. ಜಪಾನಿನ 100 ಯೆನ್ 1966ರವರೆಗೆ ಶೇ 60 ಬೆಳ್ಳಿ, 1967ರಿಂದ ಕ್ಯುಪ್ರೋನಿಕಲ್, ಎರಡೂ 4.8 ಗ್ರಾಂ, 22.6 ಮಿ.ಮೀ. ನೀರಲ್ಲಿ ಮೊದಲನೆಯದು 0.50, ಎರಡನೆಯದು 0.54. ಅಂತರ ನಾಲ್ಕೇ ಪಾಯಿಂಟ್, ತಕ್ಕಡಿ ಒಂದು ಪಾಯಿಂಟ್ ಹೊಯ್ದಾಡಿದರೂ ಸಂಶಯ ಉಳಿಯುತ್ತದೆ. ಒಂದೇ ಥರದ ನಾಲ್ಕೈದು ನಾಣ್ಯಗಳಿದ್ದರೆ ಒಟ್ಟಿಗೆ ಕಟ್ಟಿ ಇಳಿಸಿ, ತಪ್ಪಿನ ಪಾಲು ಅಷ್ಟರಮಟ್ಟಿಗೆ ಇಳಿಯುತ್ತದೆ. (100 ಯೆನ್ನಿಗೆ ಅದೃಷ್ಟವಶಾತ್ ವಿನ್ಯಾಸವೇ ಬೇರೆ: ಕ್ಯುಪ್ರೋನಿಕಲ್‌ನದರಲ್ಲಿ ಚೆರ್ರಿ ಹೂವಿದೆ.)

ಬೆಳ್ಳಿಯೋ ಕ್ಯುಪ್ರೋನಿಕಲ್ಲೋ ಎಂಬ ಒಂದೇ ಪ್ರಶ್ನೆ ಇದ್ದರೆ ನೀರೂ ಬೇಡ, ಜಾರುವ ಪರೀಕ್ಷೆ ಸಾಕು. ನಾಣ್ಯವನ್ನು 45 ಡಿಗ್ರಿ ಓರೆಯಾಗಿ ಹಿಡಿದು ಮೇಲಿನಿಂದ ಸಣ್ಣ ಮ್ಯಾಗ್ನೆಟ್ಟನ್ನು ಜಾರಿಬಿಡಿ. ಬೆಳ್ಳಿ ವಿದ್ಯುತ್ತನ್ನು ಬಹಳ ಚೆನ್ನಾಗಿ ಹರಿಸುವ ಲೋಹ. ಮ್ಯಾಗ್ನೆಟ್ ಚಲಿಸಿದಾಗ ಅದರಲ್ಲಿ ಸುಳಿ ವಿದ್ಯುತ್ ಹುಟ್ಟಿ ಚಲನೆಯನ್ನು ತಡೆಯುತ್ತದೆ. ಹಾಗಾಗಿ ಮ್ಯಾಗ್ನೆಟ್ ಜೇನಿನ ಮೇಲೆ ಜಾರಿದಂತೆ ಇಳಿಯುತ್ತದೆ. ಕ್ಯುಪ್ರೋನಿಕಲ್ ಮೇಲೆ ಜರ್ರೆಂದು ಬಿದ್ದುಬಿಡುತ್ತದೆ. ತಾಮ್ರ, ಅಲ್ಯುಮಿನಿಯಂ ಕೂಡ ತಡೆಯುತ್ತವೆ. ಅಮೆರಿಕದ ಇಂದಿನ ಕ್ವಾರ್ಟರ್ ಒಳಗೆ ತಾಮ್ರವಿರುವುದರಿಂದ ಅದೂ ತಡೆಯುತ್ತದೆ. ಇದು ಬಿಳಿ ಬಣ್ಣದ, ಪದರವಿಲ್ಲದ, ರೂಪಾಯಿ ಗಾತ್ರದ ನಾಣ್ಯಕ್ಕೆ ಮಾತ್ರ ಎಂದು ಇಟ್ಟುಕೊಳ್ಳಿ.

ಒರೆಗಲ್ಲು, ಆಸಿಡ್, ವಿನೆಗರ್, ಹುಣಸೆಹಣ್ಣು, ಪಾಲಿಶ್ ಯಾವುದೂ ಬೇಡ. ಒರೆಗೆ ಹಚ್ಚಿದ ನಾಣ್ಯದ ಅಂಚಿನಲ್ಲಿ ಗಾಯ ಉಳಿಯುತ್ತದೆ, ಸಂಗ್ರಹದ ಬೆಲೆ ಅಲ್ಲಿಗೆ ಮುಗಿಯಿತು. ಚಿನ್ನದಂಗಡಿಯವರು ಎಕ್ಸ್-ರೇಯಿಂದ ಲೋಹ ಪತ್ತೆ ಮಾಡುವ ಎಕ್ಸ್‌ಆರ್‌ಎಫ್ ಯಂತ್ರ ಗಾಯ ಮಾಡುವುದಿಲ್ಲ, ಆದರೆ ಅದು ಓದುವುದು ಮೇಲ್ಮೈಯ ತೆಳು ಪದರವನ್ನು. ಲೇಪನದ ನಾಣ್ಯವಾದರೆ ಲೇಪನದ ಲೋಹವನ್ನೇ ಹೇಳೀತು. ಅದರ ಚೀಟಿಯ ಪಕ್ಕಕ್ಕೆ ಸಾಂದ್ರತೆಯ ಅಂಕಿಯನ್ನೂ ಇಟ್ಟು ನೋಡಿ. ಯುದ್ಧಕಾಲದ ನೆದರ್‌ಲೆಂಡ್ಸ್, ಬೆಲ್ಜಿಯಂ, ಡೆನ್ಮಾರ್ಕ್‌ಗಳ ಮಂಕು ಬೂದಿ ನಾಣ್ಯಗಳು ಸತುವಿನವು. ಅವುಗಳ ಮೇಲಿನ ಬಿಳಿ ಪುಡಿಯನ್ನು ತೊಳೆಯಲು ಹೋದರೆ ಕೆಳಗಿನ ಅಕ್ಷರವೂ ಜೊತೆಗೆ ಹೋಗುತ್ತದೆ.

ಇನ್ನು ಅಚ್ಚಿನ ದಿಕ್ಕು. ನಾಣ್ಯಕ್ಕೆ ಎರಡು ಅಚ್ಚು, ಒಂದು ಮುಂಬದಿಗೆ, ಒಂದು ಹಿಂಬದಿಗೆ. ಎರಡರ ತಲೆಗಳು ಒಂದಕ್ಕೊಂದು ಹೇಗೆ ನಿಂತಿವೆ ಎಂಬುದೇ ದಿಕ್ಕು. ನಾಣ್ಯದ ಚಿತ್ರ ನೆಟ್ಟಗಿರುವಂತೆ ಮೇಲೆ ಕೆಳಗೆ ಎರಡು ಬೆರಳಲ್ಲಿ ಹಿಡಿಯಿರಿ, ಪುಸ್ತಕದ ಹಾಳೆ ತಿರುಗಿಸಿದಂತೆ ಎಡದಿಂದ ಬಲಕ್ಕೆ ತಿರುಗಿಸಿ. ಹಿಂಬದಿಯೂ ನೆಟ್ಟಗಿದ್ದರೆ ಮೆಡಲ್ ಜೋಡಣೆ, ↑↑. ತಲೆಕೆಳಗಾಗಿದ್ದರೆ ಕಾಯಿನ್ ಜೋಡಣೆ, ↑↓. ಕೊರಳಲ್ಲಿ ತೂಗುವ ಪದಕ ತಿರುಗಿದರೂ ನೆಟ್ಟಗೇ ಕಾಣಬೇಕಲ್ಲ, ಹಾಗೆ ನೆನಪಿಟ್ಟುಕೊಳ್ಳಿ. ಕಾಯಿನ್ ಜೋಡಣೆಯದು ಗೋಡೆಯ ಕ್ಯಾಲೆಂಡರ್ ಹಾಳೆಯಂತೆ, ಕೆಳಗಿನಿಂದ ಮೇಲಕ್ಕೆ ಮಗುಚಿದರೆ ಮಾತ್ರ ಹಿಂಬದಿ ನೆಟ್ಟಗೆ ಬರುತ್ತದೆ. ನೂರಕ್ಕೆ ತೊಂಬತ್ತು ತಪ್ಪು ಇಲ್ಲೇ ಆಗುವುದು: ಕೈ ತನಗೆ ತಾನೇ ಕ್ಯಾಲೆಂಡರಿನಂತೆ ಮಗುಚಿಬಿಡುತ್ತದೆ, ಉತ್ತರ ಉಲ್ಟಾ ಬರುತ್ತದೆ. ಜೇಬಿನಲ್ಲಿರುವ ನಮ್ಮ ರೂಪಾಯಿ ತೆಗೆದು ಒಮ್ಮೆ ತಿರುಗಿಸಿ. ಅದು ↑↑ ಬರಬೇಕು. ಬರದಿದ್ದರೆ ತಿರುಗಿಸುವ ರೀತಿ ತಪ್ಪಿದೆ.

ದೇಶದ ಪದ್ಧತಿ ತಿಳಿದಿದ್ದರೆ ಕೆಲಸ ಅರ್ಧ. ಅಮೆರಿಕ ↑↓. ಯೂರೋಗೆ ಮುಂಚಿನ ಫ್ರಾನ್ಸ್, ಇಟಲಿ ↑↓. ದಕ್ಷಿಣ ಕೊರಿಯಾ ↑↓, ಥಾಯ್ಲೆಂಡಿನ ಆ 10 ಬಾತ್ ಕೂಡ ↑↓. ಜರ್ಮನಿ, ಜಪಾನ್, ಆಸ್ಟ್ರೇಲಿಯಾ, ಯೂರೋ, ಇಂದಿನ ಬ್ರಿಟನ್ ↑↑. ಕೆನಡಾದಲ್ಲಿ 1908ರಲ್ಲಿ ಒಟ್ಟಾವಾದ ಟಂಕಸಾಲೆ ಶುರುವಾದ ಮೇಲೆ ↑↑. ವಿಕ್ಟೋರಿಯಾ ಕಾಲದ ಬ್ರಿಟಿಷ್ ನಾಣ್ಯಗಳಲ್ಲಿ ಎರಡೂ ಸಿಗುತ್ತವೆ, ಅಲ್ಲಿ ಊಹೆ ಮಾಡದೆ ಪ್ರತಿ ನಾಣ್ಯವನ್ನೂ ತಿರುಗಿಸಿ ನೋಡಿ. ಕೈಯಲ್ಲಿ ಅಚ್ಚು ಹಿಡಿದು ಸುತ್ತಿಗೆಯಿಂದ ಬಡಿದ ಕಾಲದ ನಾಣ್ಯಗಳಿಗೆ, ವಿಜಯನಗರದ್ದಾಗಲಿ ಮೊಘಲರದ್ದಾಗಲಿ, ಇಂಥ ನಿಯಮವಿಲ್ಲ. ಅವಕ್ಕೆ ಗಡಿಯಾರದ ಗಂಟೆಯಲ್ಲಿ ಬರೆಯುವ ರೂಢಿ: 12 ಗಂಟೆ ಅಂದರೆ ↑↑, 6 ಗಂಟೆ ಅಂದರೆ ↑↓, 4 ಗಂಟೆ ಅಂದರೆ 120 ಡಿಗ್ರಿ.

ಯಂತ್ರದ ನಾಣ್ಯ ಎರಡಕ್ಕೂ ಹೊಂದದೆ ಓರೆಯಾಗಿದ್ದರೆ ಕೋನ ಅಳೆಯಬೇಕು. ನಾಣ್ಯವನ್ನು ಚೌಕ ಹೋಲ್ಡರ್‌ನಲ್ಲಿಟ್ಟು, ಮುಂಬದಿಯ ಚಿತ್ರ ಹೋಲ್ಡರಿನ ಬದಿಗೆ ನೆಟ್ಟಗಾಗುವಂತೆ ಹೊಂದಿಸಿ ಒತ್ತಿ. ಹೋಲ್ಡರನ್ನೇ ಹಾಳೆಯಂತೆ ತಿರುಗಿಸಿ ನೇರ ಮೇಲಿನಿಂದ ಫೋಟೋ ತೆಗೆಯಿರಿ. ಹಿಂಬದಿಯ ತಲೆ ಗಡಿಯಾರದ ದಿಕ್ಕಿನಲ್ಲಿ ಎಷ್ಟು ತಿರುಗಿದೆ ಎಂದು ಪಾರದರ್ಶಕ ಕೋನಮಾಪಕವಿಟ್ಟು ಓದಿ. ಯಾವುದು ಮುಂಬದಿ ಎಂಬ ಚಿಂತೆ ಬೇಡ. ಯಾವ ಬದಿಯಿಂದ ಶುರು ಮಾಡಿದರೂ, ಹಾಳೆಯಂತೆಯೇ ತಿರುಗಿಸಿದರೆ, ಬರುವ ಕೋನ ಅದೇ. ಕಷ್ಟವಿರುವುದು "ನೆಟ್ಟಗೆ" ಯಾವುದು ಎಂದು ನಿರ್ಧರಿಸುವುದರಲ್ಲಿ. ಅರಬ್ಬಿ ಬರಹದ ಸುತ್ತಿದ ಸಾಲು, ಬರೀ ಹೂಬಳ್ಳಿಯ ವಿನ್ಯಾಸ ಇದ್ದಾಗ ಅಡ್ಡ ಸಾಲಿನಲ್ಲಿರುವ ಅಂಕಿಯನ್ನು ಆಧಾರ ಮಾಡಿಕೊಳ್ಳಿ. ಅದೂ ಇಲ್ಲದಿದ್ದರೆ ಅದೇ ಜಾತಿಯ ಇನ್ನೊಂದು ನಾಣ್ಯದ ಜೊತೆ ಹೋಲಿಸಿ.

ಓರೆ ಯಾಕಾಗುತ್ತದೆ? ಪ್ರೆಸ್ಸಿನಲ್ಲಿ ಅಚ್ಚನ್ನು ಬಿಗಿದ ಹಿಡಿತ ಸಡಿಲವಾದರೆ ಬಡಿತಕ್ಕೊಂದಿಷ್ಟು ತಿರುಗುತ್ತಾ ಹೋಗುತ್ತದೆ. ಹಾಗಾಗಿ ಒಂದೇ ಇಸವಿಯ ನಾಣ್ಯಗಳಲ್ಲಿ 20, 45, 90 ಹೀಗೆ ಬೇರೆ ಬೇರೆ ಕೋನ ಸಿಗಬಹುದು. ಇರಬೇಕಾದ ದಿಕ್ಕಿನಿಂದ ಸರಿಯಾಗಿ 180 ಡಿಗ್ರಿ ತಿರುಗಿದ್ದರೆ ಅಚ್ಚನ್ನು ಕೂರಿಸುವಾಗಲೇ ತಪ್ಪಿರುವುದು ಹೆಚ್ಚು. 1989ರ ಅಮೆರಿಕದ ಕಾಂಗ್ರೆಸ್ ದ್ವಿಶತಮಾನೋತ್ಸವದ ಡೆನ್ವರ್ ಬೆಳ್ಳಿ ಡಾಲರ್‌ನಲ್ಲಿ ↑↓ ಬದಲು ↑↑ ಬಂದ ಕೆಲವು ನಾಣ್ಯಗಳಿವೆ, ಸಂಗ್ರಾಹಕರು ಅವನ್ನು ಹುಡುಕುತ್ತಾರೆ. ಐದು ಡಿಗ್ರಿಯ ಓರೆಗೆ ಮಾತ್ರ ಯಾರೂ ಹೆಚ್ಚು ಕೊಡುವುದಿಲ್ಲ. 15 ದಾಟಿದ ಮೇಲೆ ಬರೆದಿಡಿ.

ಲೋಹ ಮತ್ತು ದಿಕ್ಕು ಎರಡೂ ಒಟ್ಟಿಗೆ ಕೆಲಸ ಮಾಡಿದ್ದು ಬ್ರಿಟನ್ನಿನ ದುಂಡು 1 ಪೌಂಡಿನಲ್ಲಿ. ನಿಕಲ್-ಹಿತ್ತಾಳೆ, 9.5 ಗ್ರಾಂ, 22.5 ಮಿ.ಮೀ., ↑↑. ಚಲಾವಣೆಯಲ್ಲಿದ್ದ 30ಕ್ಕೆ ಸುಮಾರು ಒಂದು ಖೋಟಾ ಎಂದು ಅಲ್ಲಿನ ಟಂಕಸಾಲೆಯೇ ಹೇಳಿತ್ತು. 2017ರ ಅಕ್ಟೋಬರ್ 15ಕ್ಕೆ ಆ ನಾಣ್ಯವೇ ಹೋಯಿತು. ಖೋಟಾ ಗುರುತಿಸಲು ಜನರಿಗೆ ಹೇಳಿದ ಮಾತುಗಳಲ್ಲಿ ಎರಡು ಬದಿಯ ಚಿತ್ರ ಒಂದಕ್ಕೊಂದು ಹೊಂದಿದೆಯೇ ನೋಡಿ ಎಂಬುದೂ ಒಂದು. ಬಣ್ಣವನ್ನೂ ತೂಕವನ್ನೂ ಹತ್ತಿರಕ್ಕೆ ತಂದವರು ಅಚ್ಚು ಕೂರಿಸುವುದರಲ್ಲಿ ಎಡವುತ್ತಿದ್ದರು. ಹಳೆಯ ಅಮೆರಿಕನ್ ಮೋರ್ಗನ್ ಡಾಲರ್ ಎಂದು ಮಾರುವ ನಕಲಿಗಳಿಗೂ ಇದೇ ಕ್ರಮ. ಅಸಲಿ 26.73 ಗ್ರಾಂ, 38.1 ಮಿ.ಮೀ., ನೀರಲ್ಲಿ 2.6ರ ಹತ್ತಿರ, ↑↓, ಮ್ಯಾಗ್ನೆಟ್ ಅಂಟುವುದಿಲ್ಲ. ಇವುಗಳಲ್ಲಿ ಯಾವುದು ತಪ್ಪಿದರೂ ದುಡ್ಡು ಕೊಡುವ ಮುಂಚೆ ನಿಲ್ಲಿ.

ಕೊನೆಗೆ ಚೀಟಿ. "2 ಷಿಲಿಂಗ್, ಬ್ರಿಟನ್, 1921, 11.12 ಗ್ರಾಂ, 28.5 ಮಿ.ಮೀ., ಮ್ಯಾಗ್ನೆಟ್ ಇಲ್ಲ, ನೀರಲ್ಲಿ 1.15, ಸಾಂದ್ರತೆ 9.67, ↑↑" ಎಂದು ಅಳೆದದ್ದನ್ನೇ ಬರೆಯಿರಿ, ಕ್ಯಾಟಲಾಗ್ ಅಂಕಿ ನಕಲು ಮಾಡಬೇಡಿ. ಪೆನ್ಸಿಲ್ ಸಾಕು. ನಾಣ್ಯವನ್ನು ಮೆತ್ತನೆಯ ಪಿವಿಸಿ ಕವರಿನಲ್ಲಿಡಬೇಡಿ, ಕೆಲವೇ ವರ್ಷಗಳಲ್ಲಿ ತಾಮ್ರದ ಮೇಲೆ ಅಂಟಂಟಾದ ಹಸಿರು ಕೂರುತ್ತದೆ. ರಟ್ಟಿನ ಹೋಲ್ಡರ್‌ಗೆ ಪಿನ್ ಹೊಡೆದ ಮೇಲೆ ಪಿನ್ನಿನ ಕಾಲುಗಳನ್ನು ಪ್ಲೈಯರ್‌ನಿಂದ ಚಪ್ಪಟೆ ಮಾಡಿ. ಇಲ್ಲದಿದ್ದರೆ ಪಕ್ಕದ ಹೋಲ್ಡರಿನಲ್ಲಿರುವ ನಾಣ್ಯಕ್ಕೆ ಗೀರು ಬೀಳುತ್ತದೆ.